ಮಿಲ್ನೇಸಿಯಮ್ ಕಂಡ ಮಾತ್ರಕ್ಕೆ ಟಾರ್ಡಿಗ್ರೇಡಮ್ ಅಲ್ಲ

9 ನವೆಂಬರ್ 2025, ಭಾನುವಾರ, ಬೆಂಗಳೂರು

ಹುಡುಕುತ್ತಿರುವುದು ನೀರುಕರಡಿಗಳನ್ನು: ಹಾವಸೆಯಲ್ಲಿ ಬದುಕುವ, ಎಂಟು ಕಾಲಿನ ಸೂಕ್ಷ್ಮಪ್ರಾಣಿಗಳು. ಕಾಂಪೌಂಡ್ ಗೋಡೆಯ ಹಾವಸೆ, ಕಾಗದದ ಲಕೋಟೆಯಲ್ಲಿ ಒಣಗಿಸಿಟ್ಟದ್ದು. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಎರಡು ಗ್ರಾಮಿನಷ್ಟನ್ನು ಪೆಟ್ರಿ ತಟ್ಟೆಯಲ್ಲಿ ಡಿಸ್ಟಿಲ್ಡ್ ನೀರಿಗೆ ಹಾಕಿ ರಾತ್ರಿ ನೆನೆಸಿ, ಬೆಳಿಗ್ಗೆ ಹಿಂಡಿ ತೆಗೆದು, ತಳದ ಗಸಿಯನ್ನು 30 ಪಟ್ಟು ಹಿಗ್ಗಿಸಿ ನೋಡುವುದು. ತಟ್ಟೆಯಡಿ ಕಪ್ಪು ಕಾಗದ, ಬೆಳಕು ಪಕ್ಕದಿಂದ. ಹೆಚ್ಚು ಹೊತ್ತು ನೆನೆದರೆ ಆಮ್ಲಜನಕ ಸಾಲದೆ ನೀರುಕರಡಿಗಳು ಉಬ್ಬಿ, ಸೆಟೆದು ನಿಲ್ಲುತ್ತವೆ. ಸತ್ತವೆಂದು ಚೆಲ್ಲಬಾರದು.

ನೀರುಕರಡಿಗಳಲ್ಲಿ ಮಿಲ್ನೇಸಿಯಮ್ ಎಂಬ ಕುಲವನ್ನು ಗುರುತಿಸುವುದು ಸುಲಭ. ಬಾಯಿಯ ಸುತ್ತ ಆರು ಮೊಗ್ಗುಗಳು, ತಲೆಯ ಎರಡು ಪಕ್ಕಗಳಲ್ಲಿ ಇನ್ನೆರಡು. ಬಾಯಿಯ ಕೊಳವೆ ಅಗಲ; ರೋಟಿಫರ್ ಎಂಬ ಸೂಕ್ಷ್ಮ ಜಲಪ್ರಾಣಿಗಳನ್ನೂ ದುಂಡುಹುಳುಗಳನ್ನೂ ನುಂಗುವ ಬೇಟೆಗಾರನಿಗೆ ಅಷ್ಟು ಬೇಕೇ ಬೇಕು. ಗಂಟಲಿನ ಉಬ್ಬು ಪಿಯರ್ ಹಣ್ಣಿನ ಆಕಾರ, ಒಳಗೆ ಪ್ಲಾಕಾಯ್ಡ್ ಎಂಬ ಗಟ್ಟಿ ಕಡ್ಡಿಗಳಿಲ್ಲ. ಪ್ಲಾಕಾಯ್ಡ್ ಕಂಡರೆ ಅದು ಬೇರೆ ಗುಂಪು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಆವರಣದ ಗೋಡೆಯ ಹಾವಸೆಯಲ್ಲಿ ಸಿಕ್ಕು, 2020ರಲ್ಲಿ ನೇರಳಾತೀತ ಕಿರಣ ತಾಳಿಕೊಂಡು ಹೆಸರಾದ ಪ್ಯಾರಾಮ್ಯಾಕ್ರೋಬಯೋಟಸ್ ಎಂಬ ನೀರುಕರಡಿ ಆ ಗುಂಪಿನದು.

ಕಷ್ಟ ಶುರುವಾಗುವುದು ಪ್ರಭೇದದಲ್ಲಿ. ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಡೊಯೇರ್ 1840ರಲ್ಲಿ ಮಿಲ್ನೇಸಿಯಮ್ ಟಾರ್ಡಿಗ್ರೇಡಮ್ ಎಂದು ಹೆಸರಿಟ್ಟ ಮೇಲೆ, ಲೋಕದ ಯಾವ ಮೂಲೆಯಲ್ಲಿ ಸಿಕ್ಕಿದ ನುಣುಪು ಮೈಯ ಮಿಲ್ನೇಸಿಯಮ್ಮಿಗೂ ಬಹುಕಾಲ ಅದೇ ಹೆಸರು ಬಿತ್ತು. 2012ರಲ್ಲಿ ಸಂಶೋಧಕ ಮಿಖಾಲ್‌ಚಿಕ್ ಮತ್ತು ಸಂಗಡಿಗರು ಆ ಪ್ರಭೇದವನ್ನು ಹೊಸದಾಗಿ, ಬಿಗಿಯಾಗಿ ವಿವರಿಸಿದರು. ಈಗ ಕುಲದಲ್ಲಿ 40ಕ್ಕೂ ಹೆಚ್ಚು ಪ್ರಭೇದಗಳಿವೆ. ಟಾರ್ಡಿಗ್ರೇಡಮ್ ಎಂದೇ ಪ್ರಯೋಗಾಲಯದಲ್ಲಿ ಸಾಕಿದ್ದ ತಳಿ ಕೂಡ 2019ರಲ್ಲಿ ಮಿಲ್ನೇಸಿಯಮ್ ಇನ್ಸೆಪ್ಟಮ್ ಆಯಿತು. ಹಾಗಾಗಿ ‘ಎಲ್ಲೆಡೆ ಇರುವ ಪ್ರಭೇದ’ ಎನ್ನುವ ಹಳೆಯ ಪಟ್ಟಿಗಳನ್ನು ಅರ್ಧಕ್ಕರ್ಧ ಅನುಮಾನದಿಂದಲೇ ಓದಬೇಕು.

ಉಗುರು ಎಣಿಸುವ ಕ್ರಮ: ಪ್ರತಿ ಉಗುರಿಗೂ ಉದ್ದದ, ಸಪುರ ಕವಲೊಂದು, ಅದರಿಂದ ಬೇರೆಯಾಗಿ ನಿಂತ ಗಿಡ್ಡ ಕವಲೊಂದು. ಗಿಡ್ಡದರ ಮೊನೆಗಳೇ ಲೆಕ್ಕಕ್ಕೆ. ಮೊದಲ ಮೂರು ಜೊತೆ ಕಾಲುಗಳಲ್ಲಿ ಹೊರಗಿನದು, ಒಳಗಿನದು. ನಾಲ್ಕನೆಯದರಲ್ಲಿ ಮುಂದಿನದು, ಹಿಂದಿನದು. ಟಾರ್ಡಿಗ್ರೇಡಮ್ಮಿಗೆ [2-3]-[3-2] ಬರಬೇಕು (ಹೊರಗಿನದಕ್ಕೆ ಎರಡು ಮೊನೆ, ಒಳಗಿನದಕ್ಕೆ ಮೂರು; ನಾಲ್ಕನೆಯ ಕಾಲಿನ ಮುಂದಿನದಕ್ಕೆ ಮೂರು, ಹಿಂದಿನದಕ್ಕೆ ಎರಡು), ಬೆನ್ನಿನ ಚರ್ಮ ನುಣುಪಾಗಿರಬೇಕು. ಬಲೆಯಂಥ ಕೆತ್ತನೆ ಕಂಡರೆ ಅಲ್ಲಿಗೇ ಆ ಹೆಸರು ಬಿಡಬೇಕು. ಮರಿಗಳನ್ನು ಎಣಿಸಬಾರದು: ಕೆಲವು ಪ್ರಭೇದಗಳಲ್ಲಿ ಬೆಳೆಯುತ್ತ ಮೊನೆಗಳ ಸಂಖ್ಯೆಯೇ ಬದಲಾಗುತ್ತದೆ. ಗಂಡಿನ ಮೊದಲ ಕಾಲಿನ ಉಗುರು ಕೊಕ್ಕೆಯಂತಿರುವುದರಿಂದ ಅದೂ ದಾರಿ ತಪ್ಪಿಸುತ್ತದೆ. ಪೊರೆ ಬಿಡುವ ಹಂತದ ಪ್ರಾಣಿಗೆ ಬಾಯಿಯ ಕೊಳವೆಯೇ ಇರದು, ಅಳತೆಗೆ ಬಾರದು.

ಅಳತೆಗೆ ಪ್ರಾಣಿಶಾಸ್ತ್ರಜ್ಞ ಪಿಲಾಟೋ 1981ರಲ್ಲಿ ಕೊಟ್ಟ ಪಿಟಿ ಸೂಚ್ಯಂಕ: ಭಾಗದ ಉದ್ದವನ್ನು ಬಾಯಿಯ ಕೊಳವೆಯ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವುದು. ಕೊಳವೆ 40 ಮೈಕ್ರಾನ್, ಉಗುರು 16 ಆದರೆ ಪಿಟಿ 40. ಪ್ರಾಣಿ ಚಿಕ್ಕದೋ ದೊಡ್ಡದೋ ಎಂಬ ಗೊಂದಲ ಇದರಿಂದ ಬಹಳಷ್ಟು ತಗ್ಗುತ್ತದೆ.

ಸ್ಲೈಡ್ ಕೆಡುವುದು ಹೆಚ್ಚಾಗಿ, ಪ್ರಾಣಿಯನ್ನು ಗಾಜಿನ ಮೇಲೆ ಕೂರಿಸುವ ಹೋಯರ್ ದ್ರಾವಣದಲ್ಲಿ. ನೀರು 50 ಮಿ.ಲೀ., ಗಮ್ ಅರೇಬಿಕ್ 30 ಗ್ರಾಂ, ಕ್ಲೋರಲ್ ಹೈಡ್ರೇಟ್ 200 ಗ್ರಾಂ, ಗ್ಲಿಸರಿನ್ 20 ಮಿ.ಲೀ. ಕ್ಲೋರಲ್ ಹೈಡ್ರೇಟ್ ವಿಷ. ಗಾಳಿಯಾಡುವ ಕಡೆ, ಕೈಗವಸು ಹಾಕಿಯೇ ಕಲಸುವುದು. ಮೊದಲು ಪ್ರಾಣಿಯನ್ನು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ಕಾಲು ಚಾಚಿ ಸಾಯುತ್ತದೆ. ಹಾಗೆ ಮಾಡದಿದ್ದರೆ ಮುದುಡಿ, ಉಗುರು ಮರೆಯಾಗುತ್ತದೆ. ದ್ರಾವಣ ಹೆಚ್ಚಾದರೆ ಪ್ರಾಣಿ ತೇಲಿ ಪಕ್ಕಕ್ಕೆ ವಾಲುತ್ತದೆ, ಕಡಿಮೆಯಾದರೆ ಒಣಗುವಾಗ ಅಂಚಿನಿಂದ ಗಾಳಿ ನುಗ್ಗುತ್ತದೆ. ಇದು ತೇವ ಹೀರುವ ವಸ್ತು, ಮಳೆಗಾಲದಲ್ಲಿ ತಾನಾಗಿ ಒಣಗದು. ಕೆಲವು ದಿನ 50–60 ಡಿಗ್ರಿಯಲ್ಲಿಟ್ಟು, ಆಮೇಲೆ ಅಂಚಿಗೆ ನೇಲ್ ಪಾಲಿಶ್. ನೋಡಲು ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕ, 100 ಪಟ್ಟಿನ ಎಣ್ಣೆ ಲೆನ್ಸ್.

ಇಂದಿನ ಸ್ಲೈಡಿನಲ್ಲಿ ನಾಲ್ಕನೇ ಕಾಲು ಮಡಚಿಕೊಂಡಿದೆ. ಮುಂದಿನ ಉಗುರಿನ ಮೊನೆಗಳು ಎರಡೋ ಮೂರೋ ತಿಳಿಯದು. ಡಿಎನ್‌ಎಗೆ ಇನ್ನೊಂದನ್ನು ಆಲ್ಕೊಹಾಲಿನಲ್ಲಿ ಎತ್ತಿಟ್ಟಿದೆ. ಸಿಒಐ ಮತ್ತು ಐಟಿಎಸ್-2 ಎಂಬ ಡಿಎನ್‌ಎ ಭಾಗಗಳನ್ನು ಓದಿಸಬೇಕು; 18ಎಸ್ ಎಂಬ ಭಾಗವೊಂದೇ ಸಾಲದು, ಅದು ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸುವಷ್ಟು ಬದಲಾಗಿರುವುದಿಲ್ಲ. ಅಲ್ಲಿಯವರೆಗೆ ಲೇಬಲ್ಲಿನಲ್ಲಿ ಊರು, ತಾರೀಕು, ‘ಗೋಡೆಯ ಹಾವಸೆ’, ಮತ್ತೆ ‘ಮಿಲ್ನೇಸಿಯಮ್ ಎಸ್‌ಪಿ.’, ಅಂದರೆ ಕುಲ ಗೊತ್ತು, ಪ್ರಭೇದ ಗೊತ್ತಿಲ್ಲ, ಅಷ್ಟೆ.