ಅಪ್ಪನ ಗಾಲ್ಫ್ ಸೆಟ್ ನನ್ನ ಅಳತೆಗೆ

ಅಕ್ಟೋಬರ್ 19

ಕಾವೇರಿ ಸಂಕ್ರಮಣ ಮುಗಿದು ಎರಡು ದಿನವಾಯಿತು. ಮಳೆ ಹೊಳವಾಗಿದೆ. ಅಟ್ಟದಿಂದ ಅಪ್ಪನ ಗಾಲ್ಫ್ ಚೀಲ ಇಳಿಸಿದೆ. ಸೈನ್ಯದಲ್ಲಿದ್ದಾಗ, ನೀಲಗಿರಿಯ ವೆಲ್ಲಿಂಗ್‌ಟನ್‌ನಲ್ಲಿ ಅವರು ಕೊಂಡ ಸೆಟ್ ಇದು. ದೂರ ಹೊಡೆಯಲು ಮರದ ತಲೆಯ ಎರಡು ವುಡ್‌ಗಳು, ನಡುವಿನ ದೂರಗಳಿಗೆ 3ರಿಂದ 9ರವರೆಗಿನ ಐರನ್‌ಗಳು, ಹತ್ತಿರದಿಂದ ಎತ್ತಿ ಹೊಡೆಯಲು ಎರಡು ವೆಜ್, ಚೆಂಡನ್ನು ಕುಳಿಗೆ ಉರುಳಿಸಲು ಹಿತ್ತಾಳೆಯ ಒಂದು ಪಟ್ಟರ್. ಒಟ್ಟು ಹನ್ನೆರಡು ಕ್ಲಬ್, ಅಂದರೆ ಹೊಡೆಯುವ ಕೋಲು. ನಿಯಮದಲ್ಲಿ 14 ಕ್ಲಬ್‌ವರೆಗೆ ಅವಕಾಶವಿದೆ, ಆದರೆ ಅಪ್ಪ ಹನ್ನೆರಡಕ್ಕಿಂತ ಹೆಚ್ಚು ಹೊತ್ತದ್ದನ್ನು ನಾನು ನೋಡಿಲ್ಲ.

ಐರನ್‌ಗಳೆಲ್ಲ ಬಡಿದು ಮಾಡಿದ, ತೆಳು ತಲೆಯ ಹಳೆಯ ಬ್ಲೇಡ್‌ಗಳು. ಕ್ರೋಮ್ ಎದ್ದ ಕಡೆಗಳಲ್ಲಿ ಮಳೆಗಾಲದ ತುಕ್ಕು ಚುಕ್ಕೆ ಚುಕ್ಕೆಯಾಗಿ ಕೂತಿದೆ. ಕೈ ಹಿಡಿಯುವ ಗ್ರಿಪ್‌ಗಳು ಒಣಗಿ ಕಲ್ಲಾಗಿವೆ. ಅಪ್ಪ ಐದು ಅಡಿ ಹತ್ತು ಅಂಗುಲ, ನಾನು ಐದು ಅಡಿ ಮೂರು. ಅವರ 7ನೇ ಐರನ್ ಹಿಡಿದು ನಿಂತರೆ ಕೈ ಎಲ್ಲಿಡಬೇಕೋ ತಿಳಿಯುವುದಿಲ್ಲ. ಹೊಸ ಸೆಟ್ ಕೊಳ್ಳಬಹುದು, ಅದು ಸುಲಭದ ದಾರಿ. ನನಗೆ ಇದೇ ಬೇಕು, ಆದರೆ ನನ್ನ ಅಳತೆಗೆ ಬೇಕು. ಈ ಬೇಸಿಗೆಯೊಳಗೆ ಅದನ್ನು ಮಾಡಿ ಮುಗಿಸುತ್ತೇನೆ. ಆಗುತ್ತಾ ಬಂದದ್ದನ್ನೆಲ್ಲ ಇಲ್ಲಿ ಬರೆದಿಡುತ್ತೇನೆ.

ಅಕ್ಟೋಬರ್ 27

ಕ್ಲಬ್‌ಗಳ ಕೆಲಸ ಶುರುವಾಗುವ ಮೊದಲೇ ಶೂಗಳು ಮುಂದೆ ಬಂದು ನಿಂತವು.

ಕೊಡಗಿನ ಬಿಟ್ಟಂಗಾಲದಲ್ಲಿರುವ ಕೂರ್ಗ್ ಗಾಲ್ಫ್ ಲಿಂಕ್ಸ್ ಮೈದಾನಕ್ಕೆ ಬೆಳಿಗ್ಗೆಯೇ ಹೋಗಿದ್ದೆ. ಅಪ್ಪ ಬದುಕಿದ್ದಾಗ, ಅವರ ಜೊತೆ ಆಡುತ್ತೇನೆಂದು ಕೊಂಡಿದ್ದ ಶೂ ಹಾಕಿಕೊಂಡಿದ್ದೆ. ಆರು ವರ್ಷ ಹಳೆಯದಾದರೂ ಹೊಸದೇ, ಏಕೆಂದರೆ ನಾಲ್ಕೈದು ಸಲಕ್ಕಿಂತ ಹೆಚ್ಚು ಹಾಕಿರಲಿಲ್ಲ. ತೇವ ತಗಲಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬೀರುವಿನಲ್ಲಿಟ್ಟಿದ್ದೆ. ನಾಲ್ಕನೆಯ ಹೋಲ್‌ನ (ಒಂದು ಕುಳಿಯವರೆಗೆ ಆಡುವ ಅಂಕಣದ) ಏರು ಹತ್ತುವಾಗ ಎಡಗಾಲಿನ ಕೆಳಗೆ ಏನೋ ಜಾರಿದಂತಾಯಿತು. ನೋಡಿದರೆ ಹಿಮ್ಮಡಿಯ ಸೋಲ್ ಬಾಯಿ ಬಿಟ್ಟಿದೆ. ಬೆರಳಿಂದ ಒತ್ತಿದೆ. ರಸ್ಕ್‌ನಂತೆ ಪುಡಿಪುಡಿಯಾಗಿ ಉದುರಿತು. ಮೇಲಿನ ಚರ್ಮಕ್ಕೆ ಒಂದು ಗೀರೂ ಇಲ್ಲ! ಎರಡು ಹೋಲ್ ಕಳೆಯುವಷ್ಟರಲ್ಲಿ ಬಲಗಾಲಿನದೂ ಹೋಯಿತು. ನನ್ನ ಹಿಂದೆ ಕತ್ತರಿಸಿದ ಹುಲ್ಲಿನ ಫೇರ್‌ವೇ ಉದ್ದಕ್ಕೂ ಬೂದು ಬಣ್ಣದ ಚೂರುಗಳು. ಚೀಲ ಹೊರುವ ಕ್ಯಾಡಿ ಹುಡುಗ ಒಂದೊಂದನ್ನೇ ಆಯ್ದು ಜೇಬಿಗೆ ಹಾಕಿಕೊಂಡು, "ಅಕ್ಕಾ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಬಾರದಲ್ಲವೇ" ಎಂದ.

ಇದು ಕೊಡಗಿನವರೆಲ್ಲ ತಿಳಿದಿರಬೇಕಾದ ಸಂಗತಿ. ಗಾಲ್ಫ್ ಶೂ, ನಡಿಗೆಯ ಬೂಟು ಇವುಗಳ ನಡುವಿನ ಮೆತ್ತನೆಯ ಪದರವನ್ನು ಹೆಚ್ಚಾಗಿ ಪಾಲಿಯುರೆಥೇನ್‌ನಿಂದ ಮಾಡುತ್ತಾರೆ. ಗಾಳಿಯ ತೇವಾಂಶ ಅದರೊಳಗೆ ಸೇರಿ ನಿಧಾನವಾಗಿ ಅದರ ಬಂಧವನ್ನೇ ಕಡಿಯುತ್ತದೆ. ತೇವ ಹೆಚ್ಚಿದ್ದಷ್ಟೂ ಬೇಗ. ಹಾಕಿ ನಡೆಯುತ್ತಿದ್ದರೆ ಒಳಗಿನ ತೇವ ಹಿಂಡಿ ಹೊರಬರುತ್ತದೆ. ಹಾಕದೆ ಗಾಳಿಯಾಡದ ಚೀಲದಲ್ಲಿಟ್ಟರೆ ಒಳಗೇ ಕೊಳೆಯುತ್ತದೆ. ಜೋಪಾನ ಮಾಡುತ್ತಿದ್ದೇನೆಂದು ನಂಬಿ ನಾನೇ ಅದನ್ನು ಕೊಂದಿದ್ದೆ. ಇನ್ನು ಮುಂದೆ ನಮ್ಮ ಮನೆಯಲ್ಲಿ ಯಾವ ಶೂವೂ ಪ್ಲಾಸ್ಟಿಕ್‌ನೊಳಗೆ ಹೋಗುವುದಿಲ್ಲ.

ನವೆಂಬರ್ 8

ಶೂ ಕೊಳ್ಳಲು ಮೈಸೂರಿಗೆ ಹೋಗಿ ಬಂದೆ. ಹೋಗುವ ಹಿಂದಿನ ಸಂಜೆ ತೋಟದಿಂದ ಬಂದವಳೇ ಹಳೆಯ ಕ್ಯಾಲೆಂಡರ್ ಹಾಳೆಯ ಮೇಲೆ ನಿಂತು ಎರಡೂ ಪಾದದ ಸುತ್ತ ಪೆನ್ಸಿಲ್ ಎಳೆದೆ. ದಿನವೆಲ್ಲ ನಡೆದ ಪಾದ ಸಂಜೆಗೆ ಸ್ವಲ್ಪ ಹಿಗ್ಗಿರುತ್ತದೆ, ಅಳತೆಗೆ ಅದೇ ಸರಿಯಾದ ಹೊತ್ತು. ನನ್ನ ಬಲಪಾದ ಎಡಕ್ಕಿಂತ ನಾಲ್ಕು ಮಿಲಿಮೀಟರ್ ಉದ್ದ. ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಕಣದಲ್ಲಿ, ಗದ್ದೆಯಲ್ಲಿ ಓಡಾಡಿದ ನಮ್ಮಂಥವರ ಪಾದ ಬೆರಳುಗಳ ಕಡೆ ಅಗಲವಾಗಿರುತ್ತದೆ. ಮಹಿಳೆಯರ ಗಾಲ್ಫ್ ಶೂಗಳೋ, ಮುಂದೆ ಚೂಪು. ಅಂಗಡಿಯಲ್ಲಿ ಹಾಳೆಯನ್ನು ಶೂವಿನ ಒಳಪದರದ ಮೇಲೆ ಇಟ್ಟು ನೋಡಿದೆ. ಮಹಿಳೆಯರ ಮೂರು ಜೊತೆಗಳಲ್ಲೂ ನನ್ನ ಕಿರುಬೆರಳು ಅಂಚಿನಿಂದ ಹೊರಗೆ. ಕೊನೆಗೆ ಗಂಡಸರ ಅತಿ ಚಿಕ್ಕ ಅಳತೆಯ ಒಂದು ಜೊತೆ ಸರಿಹೋಯಿತು. ಹೆಬ್ಬೆರಳ ಮುಂದೆ ಅರ್ಧ ಅಂಗುಲ ಜಾಗ, ಹಿಮ್ಮಡಿ ಬಿಗಿ.

ಸೋಲ್ ಅಡಿಯ ಮುಳ್ಳು, ಅಂದರೆ ಸ್ಪೈಕ್, ಬೇಕೋ ಬೇಡವೋ ಎಂದು ಬಹಳ ಯೋಚಿಸಿದ್ದೆ. ಅಮೆರಿಕದ ದೊಡ್ಡ ಗಾಲ್ಫ್ ಪಂದ್ಯಾವಳಿ ಮಾಸ್ಟರ್ಸ್‌ನಲ್ಲಿ, 2010ರಲ್ಲಿ, ಆಟಗಾರ ಫ್ರೆಡ್ ಕಪಲ್ಸ್ ಸ್ಪೈಕ್ ಇಲ್ಲದ ಶೂ ಹಾಕಿ ಆಡಿದ ಮೇಲೆ ಅವು ಎಲ್ಲೆಡೆ ಬಂದವು. ನೋಡಲು ಚೆಂದ, ಹಾಕಿಕೊಂಡೇ ಕಾರು ಓಡಿಸಬಹುದು, ಸಂತೆಗೂ ಹೋಗಬಹುದು. ಬಯಲುಸೀಮೆಯಲ್ಲಿ ನಾನೂ ಅದನ್ನೇ ಕೊಳ್ಳುತ್ತಿದ್ದೆ. ನಮ್ಮ ಕೆಂಪು ಜೇಡಿಮಣ್ಣು ಆ ಚಿಕ್ಕ ರಬ್ಬರ್ ಗುಬುಟುಗಳ ನಡುವೆ ತುಂಬಿಕೊಂಡರೆ ಸೋಲ್ ಹಲಗೆಯಂತೆ ನುಣ್ಣಗಾಗುತ್ತದೆ. ಆದ್ದರಿಂದ ತಿರುಗಿಸಿ ಕೂರಿಸುವ ಪ್ಲಾಸ್ಟಿಕ್ ಸ್ಪೈಕ್‌ಗಳ ಶೂವನ್ನೇ ಆರಿಸಿದೆ. ಸವೆದರೆ ಬಿಚ್ಚಿ ಹೊಸದು ಹಾಕಬಹುದು. ಅಪ್ಪನ ಕಾಲದ ಉಕ್ಕಿನ ಮೊಳೆಗಳು ಹಿಡಿತದಲ್ಲಿ ಇವಕ್ಕಿಂತ ಮೇಲಿರಬಹುದು, ಆದರೆ ಅವು ಕುಳಿಯ ಸುತ್ತಲಿನ ನುಣುಪು ಹುಲ್ಲಿನ, ಅಂದರೆ ಗ್ರೀನ್‌ನ, ಮೈ ಕೀಳುತ್ತವೆ.

ಬಣ್ಣ: ಕಡು ಕಂದು, ಹೊಲಿಗೆ ಮಾತ್ರ ಬಿಳಿ. ಬಿಳಿ ಶೂವಿನ ಮೇಲೆ ಮನಸ್ಸಿತ್ತು. ಅಪ್ಪನ ಕಂದು-ಬಿಳಿ ಎರಡು ಬಣ್ಣದ ಶೂ, ಲೇಸ್ ಮುಚ್ಚುವ ಝಾಲರು, ಅದರ ಗತ್ತೇ ಬೇರೆ. ಪ್ರತಿ ಭಾನುವಾರ ಸಂಜೆ ಜಗಲಿಯಲ್ಲಿ ಕೂತು ಅವರು ಬಿಳಿ ಭಾಗಕ್ಕೆ ಬಿಳಿ ಪಾಲಿಷ್, ಕಂದು ಭಾಗಕ್ಕೆ ಕಂದು ಪಾಲಿಷ್ ಹಚ್ಚುತ್ತಿದ್ದರು. ಒಪ್ಪವಾಗಿ ಉಡುವುದು ಆಟಕ್ಕೆ ಕೊಡುವ ಮರ್ಯಾದೆ ಎಂದೇ ಅವರು ನಂಬಿದ್ದರು, ನಾನೂ ನಂಬುತ್ತೇನೆ. ಆದರೆ ಕೆಂಪು ಮಣ್ಣಲ್ಲಿ ಒಪ್ಪವಾಗಿ ಉಳಿಯುವುದು ಕಂದೇ.

ನವೆಂಬರ್ 23

ಹೊಸ ಶೂ ಹಾಕಿ ಮೂರನೆಯ ಸುತ್ತು. ಮೊದಲ ಎರಡನ್ನು ತೋಟದಲ್ಲೇ ನಡೆದು ಪಳಗಿಸಿದೆ. ಇಬ್ಬನಿ ದಟ್ಟವಾಗಿತ್ತು, ಹತ್ತು ಗಂಟೆಯವರೆಗೂ ಹುಲ್ಲು ಒದ್ದೆ.

ವ್ಯತ್ಯಾಸ ಕಾಲಿನಲ್ಲಿ ಶುರುವಾಗಿ ಭುಜದಲ್ಲಿ ಕಾಣಿಸಿತು. ಜಾರುತ್ತೇನೆಂಬ ಹೆದರಿಕೆ ಇದ್ದಾಗ ಮೈ ತನ್ನಷ್ಟಕ್ಕೇ ಬಿಗಿದು ಅರ್ಧ ತಿರುಗಿ ನಿಲ್ಲುತ್ತಿತ್ತು. ಹೊಡೆತ ಮುಗಿಯುವಾಗ ಭಾರವೆಲ್ಲ ಎಡಪಾದದ ಹೊರ ಅಂಚಿಗೆ ತಿರುಚಿಕೊಂಡು ಬರುತ್ತದೆ. ಅಲ್ಲಿ ಹಿಡಿತ ಸಿಕ್ಕರೆ ಸೊಂಟ ಪೂರ್ತಿ ತಿರುಗುತ್ತದೆ. ಇಳಿಜಾರಿನಲ್ಲಂತೂ ಇದು ಇನ್ನೂ ಸ್ಪಷ್ಟ. ಬಲಗೈಯಲ್ಲಿ ಆಡುವವರಿಗೆ ಚೆಂಡು ಪಾದಕ್ಕಿಂತ ಮೇಲಿದ್ದರೆ ಎಡಕ್ಕೆ ಹೋಗುತ್ತದೆ, ಕೆಳಗಿದ್ದರೆ ಬಲಕ್ಕೆ. ಎರಡನೆಯದರಲ್ಲಿ ಮುಂದಕ್ಕೆ ಮುಗ್ಗರಿಸದೆ ನಿಂತರೆ ಅರ್ಧ ಗೆದ್ದಂತೆ. ಇವತ್ತು ನಿಂತೆ.

ಮರದಡಿಗೆ ಹೋದ ಚೆಂಡು ಹುಡುಕುವಾಗ ಒಂದು ಜಿಗಣೆ ಹತ್ತಿತು. ಕಾಲುಚೀಲಕ್ಕೆ ಹೊಗೆಸೊಪ್ಪು, ಸುಣ್ಣ ಹಚ್ಚುವುದನ್ನು ಮರೆತಿದ್ದೆ. ಲೇಸ್ ಸಂದಿನಿಂದ ಒಳಹೊಕ್ಕಿತ್ತು. ಬಲೆಯಂಥ ಬಟ್ಟೆಯ ಹಗುರ ಶೂಗಳು ನಮ್ಮಲ್ಲಿ ನಡೆಯದಿರುವುದಕ್ಕೆ ಇದೂ ಒಂದು ಕಾರಣ.

ಡಿಸೆಂಬರ್ 21

ಪುತ್ತರಿ ಹಬ್ಬ, ನೆಂಟರು, ಅರೇಬಿಕಾ ಕಾಫಿ ಕುಯ್ಲು. ಒಂದೇ ಒಂದು ಕೆಲಸವಾಯಿತು. ಏಲಕ್ಕಿ ತೂಗುವ ತಕ್ಕಡಿಯಲ್ಲಿ 7ನೇ ಐರನ್ ತೂಗಿದೆ: 434 ಗ್ರಾಂ. ಉದ್ದ 37 ಅಂಗುಲ. ನೆಟ್ಟಗೆ ನಿಂತು ಮಣಿಕಟ್ಟಿನಿಂದ ನೆಲಕ್ಕೆ ಅಳೆದರೆ ನನಗೆ 32 ಅಂಗುಲ. ಕ್ಲಬ್‌ನ ಉದ್ದ ನಿರ್ಧರಿಸುವುದು ಬರೀ ಎತ್ತರದಿಂದಲ್ಲ, ಈ ಅಳತೆಯಿಂದ. ಒಂದು ಅಂಗುಲ ಕೆಳಗೆ ಹಿಡಿದು ನೂರು ಚೆಂಡು ಹೊಡೆದು ನೋಡಿದ ಮೇಲೆ 36 ಎಂದು ತೀರ್ಮಾನಿಸಿದೆ.

ಕ್ಲಬ್‌ನ ದಂಡ, ಅಂದರೆ ಉಕ್ಕಿನ ಶಾಫ್ಟ್, ಒಂದಕ್ಕೇ 120 ಗ್ರಾಂ ಆಸುಪಾಸು. ಅದರ ಜಾಗಕ್ಕೆ ಸುಮಾರು 60 ಗ್ರಾಂನ, ಇಂಗಾಲದ ಎಳೆಗಳಿಂದ ಮಾಡಿದ ಗ್ರ್ಯಾಫೈಟ್ ಶಾಫ್ಟ್ ಬರಬೇಕು. ಹಳೆಯದನ್ನು ಬರೀ ಕತ್ತರಿಸಿದರೆ ಅದು ಇನ್ನೂ ಗಡುಸಾಗುತ್ತದೆ, ಭಾರ ಅಷ್ಟೇನೂ ಇಳಿಯುವುದಿಲ್ಲ. ಮೊದಲು ಒಂದೇ ಕ್ಲಬ್‌ನಲ್ಲಿ ಪ್ರಯೋಗ.

ಜನವರಿ 11

ಇವತ್ತಿನದು ವಿವರವಾಗಿ ಬರೆಯಲೇಬೇಕು.

ಕೊಡಗಿನಲ್ಲಿ ಗಾಲ್ಫ್ ಕ್ಲಬ್ ದುರಸ್ತಿ ಅಂಗಡಿ ನನಗೆ ಸಿಗಲಿಲ್ಲ. ಆದರೆ ಕೋವಿ ದುರಸ್ತಿ ಮಾಡುವವರಿದ್ದಾರೆ. ಕೋವಿಯ ನಳಿಗೆಯನ್ನು ಗೀರಾಗದಂತೆ ಹಿಡಿಯಬಲ್ಲವರ ಕೈಗೆ ಕ್ಲಬ್ ಕೊಡಲು ಅಂಜಿಕೆ ಏಕೆ? ವಿರಾಜಪೇಟೆಯ ಮೇಸ್ತ್ರಿಯೊಬ್ಬರ ಬಳಿ ಹೋದೆ. ಅವರ ಬೆಂಚ್ ವೈಸ್‌ನ ಬಾಯಿಗೆ ಎರಡೂ ಕಡೆ ಎಮ್ಮೆಚರ್ಮದ ಪಟ್ಟಿ.

ನಾನು ಓದಿ ತಿಳಿದುಕೊಂಡದ್ದು ಇಷ್ಟು: ಕ್ಲಬ್‌ನ ತಲೆ ಶಾಫ್ಟ್‌ಗೆ ಎಪಾಕ್ಸಿ ಅಂಟಿನಿಂದ ಕೂತಿರುತ್ತದೆ, ಬಿಸಿಗಾಳಿ ಕೊಟ್ಟರೆ ಅಂಟು ಸಡಿಲಾಗುತ್ತದೆ, ತಿರುಚಿ ಎಳೆದರೆ ಬರುತ್ತದೆ. ಹಾಗೆಂದೇ ಹೇಳಿದೆ. ಮೇಸ್ತ್ರಿ ಬಿಸಿಗಾಳಿಯ ಯಂತ್ರ ಮುಟ್ಟಲೇ ಇಲ್ಲ. ತಲೆಯ ಕತ್ತನ್ನು ದೀಪದ ಕೆಳಗೆ ಹಿಡಿದು ನಿಧಾನವಾಗಿ ತಿರುಗಿಸಿದರು. ಹೆಬ್ಬೆರಳ ಉಗುರನ್ನು ಅದರ ಮೇಲೆ ಸರಿಸುತ್ತಾ ಹೋದರು. ಒಂದು ಕಡೆ ಉಗುರು ನಿಂತಿತು. ಎಮರಿ ಕಾಗದದಿಂದ ನಾಲ್ಕು ಸಲ ಉಜ್ಜಿದರು. ಸಾಸಿವೆ ಕಾಳಿನಷ್ಟು ದುಂಡನೆಯ ಗುರುತು ಎದ್ದು ಕಾಣಿಸಿತು.

"ಇದರೊಳಗೆ ಆಣಿ ಇದೆ ಅಕ್ಕಾ. ಇದನ್ನು ತೆಗೆಯದೆ ನೀವು ಇಡೀ ದಿನ ಬಿಸಿ ಮಾಡಿದರೂ ಬರುವುದಿಲ್ಲ. ಹಟ ಹಿಡಿದು ತಿರುಚಿದ್ದರೆ ಕತ್ತು ಸೀಳುತ್ತಿತ್ತು."

ಹಳೆಯ ಕ್ಲಬ್‌ಗಳಲ್ಲಿ ತಲೆ ಕಳಚದಿರಲೆಂದು ಶಾಫ್ಟ್‌ಗೆ ಅಡ್ಡಲಾಗಿ ಆಣಿ ಹೊಡೆಯುತ್ತಿದ್ದರು. ಕೋವಿಯಲ್ಲಿ ದಿನವೂ ಅಂಥ ಆಣಿಗಳನ್ನು ನೋಡುವ ಕಣ್ಣು ಅದನ್ನು ಅರೆನಿಮಿಷದಲ್ಲಿ ಕಂಡುಹಿಡಿಯಿತು. ಸಣ್ಣ ಪಂಚ್ ಇಟ್ಟು ಸುತ್ತಿಗೆಯಿಂದ ಮೂರು ಪೆಟ್ಟು. ಆಣಿ ಆಚೆಯಿಂದ ಹೊರಬಂತು. ಆಮೇಲೆ ಬಿಸಿಗಾಳಿ. ಅಂಟು ಸುಟ್ಟ ವಾಸನೆ ಬಂದೊಡನೆ ಕೈಗೆ ದಪ್ಪ ಬಟ್ಟೆ ಸುತ್ತಿ ತಿರುಚಿದರು. ತಲೆ ಕಳಚಿತು. ಶಾಫ್ಟ್‌ನ ತುದಿಯನ್ನು ವರ್ನಿಯರ್‌ನಿಂದ ಅಳೆದರೆ 9 ಮಿಲಿಮೀಟರ್. ಅಂದರೆ ತುದಿ ಸಣ್ಣಗಾಗುವ ಜಾತಿಯದು, 9.4 ಇದ್ದಿದ್ದರೆ ಸಮಗಾತ್ರದ್ದು. ಬೆಂಗಳೂರಿನಿಂದ ತರಿಸಬೇಕಾದ ಶಾಫ್ಟ್ ಯಾವುದೆಂದು ಇದರಿಂದ ಖಚಿತವಾಯಿತು.

ಜನವರಿ 25

ಶಾಫ್ಟ್ ಬಂತು, ಮೇಸ್ತ್ರಿಯ ಬೆಂಚಿನ ಮೇಲೇ ಕೂರಿಸಿದೆವು. ಗ್ರ್ಯಾಫೈಟ್ ತುದಿಯ ಬಣ್ಣವನ್ನಷ್ಟೇ ಉಜ್ಜಿ ತೆಗೆಯಬೇಕು, ಎಳೆಗಳಿಗೆ ಗಾಯವಾಗಬಾರದು. ಆ ಪುಡಿ ಎದೆಗೆ ಒಳ್ಳೆಯದಲ್ಲ, ಮೂಗಿಗೆ ಮಾಸ್ಕ್ ಬೇಕು. ಹಳೆಯ ಆಣಿಯ ತೂತನ್ನು ಎಪಾಕ್ಸಿಯಿಂದಲೇ ತುಂಬಿದೆವು. ಗ್ರ್ಯಾಫೈಟ್‌ಗೆ ಮತ್ತೆ ಆಣಿ ಹೊಡೆದರೆ ಅಲ್ಲೇ ಬಿರಿಯುತ್ತದೆ. ರಾತ್ರಿ ಚಳಿಯಿತ್ತೆಂದು 24 ಗಂಟೆಯ ಬದಲು ಎರಡು ದಿನ ಮುಟ್ಟದೆ ಬಿಟ್ಟೆ.

ಗ್ರಿಪ್ ಮಾತ್ರ ಮನೆಯಲ್ಲಿ ನಾನೇ ಹಾಕಿದೆ. ಶಾಫ್ಟ್‌ಗೆ ಎರಡೂ ಕಡೆ ಅಂಟಿರುವ ಟೇಪು, ಗ್ರಿಪ್‌ನೊಳಗೆ ಟರ್ಪೆಂಟೈನ್, ಒಂದೇ ಉಸಿರಿನಲ್ಲಿ ತಳ್ಳಬೇಕು. ನಡುವೆ ನಿಂತರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಗ್ರಿಪ್ ದಪ್ಪ ಸರಿಯಿದೆಯೇ ಎಂದು ತಿಳಿಯಲು ಎಡಗೈಯಲ್ಲಿ ಹಿಡಿಯಿರಿ: ನಡುವಿನ ಎರಡು ಬೆರಳ ತುದಿ ಅಂಗೈಯನ್ನು ಹಗುರವಾಗಿ ಮುಟ್ಟಬೇಕು. ಈಗ ತೂಕ 368 ಗ್ರಾಂ.

ಫೆಬ್ರುವರಿ 15

ರೊಬಸ್ಟಾ ಕುಯ್ಲಿನ ನಡುವೆ ಸಂಜೆಗಳಲ್ಲಿ ಕಣದ ಅಂಚಿನ ಬಯಲಿಗೆ ಹೊಡೆಯುತ್ತಿದ್ದೇನೆ. ಮೊದಲ ವಾರ ಬೇಸರವಾಯಿತು. ಕ್ಲಬ್ ಹಗುರವಾಗಿದೆ ನಿಜ, ಆದರೆ ತಲೆ ಎಲ್ಲಿದೆಯೆಂದೇ ಕೈಗೆ ತಿಳಿಯುವುದಿಲ್ಲ. ಕ್ಲಬ್ ಮೋಟಾದಾಗ ತಲೆಯ ಭಾರದ ಅನುಭವವೂ ಕುಗ್ಗುತ್ತದೆ. ಸೀಸದ ಪಟ್ಟಿ ತರಿಸಿ ತಲೆಯ ಹಿಂಬದಿಗೆ ಎರಡೆರಡು ಗ್ರಾಂ ಅಂಟಿಸುತ್ತಾ ಹೋದೆ. ಎಂಟು ಗ್ರಾಂಗೆ ಕೈ "ಸಾಕು" ಎಂದಿತು.

ಬ್ಲೇಡ್‌ನ ಮುಖಕ್ಕೆ ಸೀಮೆಸುಣ್ಣ ಸವರಿ ಹೊಡೆದರೆ ಚೆಂಡು ತಾಗಿದ ಗುರುತು ಉಳಿಯುತ್ತದೆ. ಅಪ್ಪನ ಅಳತೆಯಲ್ಲಿ ನನ್ನ ಗುರುತುಗಳು ಮುಖದ ಶಾಫ್ಟ್ ಬದಿಯಿಂದ ತುದಿಯವರೆಗೆ ಚೆಲ್ಲಾಪಿಲ್ಲಿ. ಈಗ ಹತ್ತರಲ್ಲಿ ಆರು ಒಂದು ರೂಪಾಯಿ ನಾಣ್ಯದಷ್ಟು ಜಾಗದೊಳಗೆ. ಚೆಂಡಿಗೆ ನೇರ ಗೆರೆ ಎಳೆದು ಹೊಡೆದಾಗ ಮುಖದ ಮೇಲೆ ಗೆರೆ ನೆಟ್ಟಗೆ ಮೂಡಿತು, ಅಂದರೆ ತಲೆ ಶಾಫ್ಟ್‌ಗೆ ಕೂಡುವ ಕೋನವನ್ನು ಬಾಗಿಸುವ ಕೆಲಸವಿಲ್ಲ. ದೂರ 85 ಹೆಜ್ಜೆಯಿಂದ 100ಕ್ಕೆ ಬಂದಿದೆ. ಇಂದಿನ ಸೆಟ್‌ಗಳಿರುವವರು ಇದನ್ನು ತಮ್ಮ 7ನೇ ಐರನ್‌ಗೆ ಹೋಲಿಸಬೇಡಿ. ಮುಖ ಹಿಂದಕ್ಕೆ ವಾಲುವ ಓರೆ ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ; ಹಳೆಯ ಬ್ಲೇಡ್‌ಗಳ 7ಕ್ಕೆ 38 ಡಿಗ್ರಿ ಆಸುಪಾಸಿನ ಓರೆ, ಈಗಿನ ಎಷ್ಟೋ ಸೆಟ್‌ಗಳಲ್ಲಿ ಅದು 30ರ ಹತ್ತಿರ. ಸಂಖ್ಯೆ ಒಂದೇ, ಕ್ಲಬ್ ಬೇರೆ.

ಶಾಲೆಯಲ್ಲಿ ಆಡಿದ ಹಾಕಿ ಇಲ್ಲಿ ನೆರವಿಗೆ ಬರುತ್ತಿದೆ. ಕೋಲನ್ನು ಭುಜದಿಂದ ಮೇಲೆ ಎತ್ತದ ಅಭ್ಯಾಸದಿಂದ ನನ್ನ ಸ್ವಿಂಗ್ ಚಿಕ್ಕದು, ಆದರೆ ಮಣಿಕಟ್ಟು ಚುರುಕು. ಅದನ್ನು ಬದಲಿಸುವುದಿಲ್ಲ. ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ದೂರ ಹೊಡೆಯುವವರ ಸಾಲಿನವರಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ 4ನೆಯವರಾದರು. ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರೂ ಟಿವಿ ಬಿಟ್ಟು ಏಳಲಿಲ್ಲ.

ಮಾರ್ಚ್ 22

ಹೂಮಳೆ ಚೆನ್ನಾಗಿ ಬಂತು, ತೋಟ ಬೆಳ್ಳಗಾಗಿದೆ. 5, 9 ಮತ್ತು ಎರಡು ವೆಜ್‌ಗಳ ಕೆಲಸ ಮುಗಿಯಿತು. ನಾಲ್ಕರಲ್ಲೂ ಆಣಿ ಇತ್ತು. 3 ಮತ್ತು 4ನೇ ಐರನ್‌ಗಳನ್ನು ಮುಟ್ಟುವುದಿಲ್ಲ. ಅವುಗಳಿಂದ ಹೊಡೆದ ಚೆಂಡು ನನ್ನ ವೇಗಕ್ಕೆ ಎಂದೂ ಏಳುವುದಿಲ್ಲ, ಅವುಗಳ ಜಾಗಕ್ಕೆ ವುಡ್, ಐರನ್ ಎರಡರ ಗುಣವೂ ಇರುವ ಒಂದು ಹೈಬ್ರಿಡ್ ಕೊಂಡೆ. 6 ಮತ್ತು 8 ಈಗ ಬೇಡ. ಮರದ ವುಡ್‌ಗಳಿಗೆ ಎಣ್ಣೆ ಹಚ್ಚಿ ಗೋಡೆಗೆ ತೂಗುಹಾಕಿದ್ದೇನೆ. ಪಟ್ಟರ್‌ಗೆ ಏನನ್ನೂ ಮಾಡಿಲ್ಲ. ಅದರ ಗ್ರಿಪ್‌ನಲ್ಲಿ ಅಪ್ಪನ ಹೆಬ್ಬೆರಳು ಸವೆಸಿದ ತಗ್ಗು ಹಾಗೇ ಇದೆ, ನನ್ನ ಹೆಬ್ಬೆರಳೂ ಅದರಲ್ಲೇ ಕೂರುತ್ತದೆ.

ಚೀಲದಲ್ಲಿ ಈಗ ಏಳೇ ಕ್ಲಬ್. ಏರು ಹತ್ತುವಾಗ ಹೆಗಲಿಗೆ ಅದೊಂದು ಸುಖ.

ಏಪ್ರಿಲ್ 26

ನಾಲ್ಕನೆಯ ಹೋಲ್‌ನಲ್ಲಿ ನಿನ್ನೆ ಮಧ್ಯಾಹ್ನದ ಮಳೆಯ ತೇವವಿತ್ತು. ಶೂ ಪುಡಿಯಾದ ಅದೇ ಏರಿನಲ್ಲಿ ಚೆಂಡು ನಿಂತಿತ್ತು, ಪಾದಕ್ಕಿಂತ ಒಂದು ಗೇಣು ಕೆಳಗೆ. 7ನೇ ಐರನ್ ತೆಗೆದುಕೊಂಡೆ. ಗುರಿಯನ್ನು ಸ್ವಲ್ಪ ಎಡಕ್ಕೆ ಇಟ್ಟೆ, ಮಂಡಿ ಬಗ್ಗಿಸಿ ಕೂತಂತೆ ನಿಂತೆ, ಸ್ಪೈಕ್‌ಗಳು ಮಣ್ಣು ಕಚ್ಚಿದ್ದು ಪಾದಕ್ಕೆ ತಿಳಿಯಿತು. ಚೆಂಡು ಎಡಕ್ಕೆ ಎದ್ದು ಬಲಕ್ಕೆ ಬಾಗಿ ಗ್ರೀನ್‌ನ ಅಂಚಿಗೆ ಬಿತ್ತು. ಅಲ್ಲಿಂದ ಪಟ್ಟರ್‌ನಲ್ಲಿ ಎರಡು ಹೊಡೆತ.

ಮನೆಗೆ ಬಂದು ಸ್ಪೈಕ್ ಸಂದಿನ ಮಣ್ಣನ್ನು ಬಿದಿರು ಕಡ್ಡಿಯಿಂದ ತೆಗೆದೆ, ಶೂವಿನೊಳಗೆ ಪತ್ರಿಕೆಯ ಹಾಳೆ ತುರುಕಿ ಜಗಲಿಯ ನೆರಳಿನಲ್ಲಿಟ್ಟೆ. ಒಲೆಯ ಹತ್ತಿರ ಇಟ್ಟರೆ ಚರ್ಮ ಬಿರಿಯುತ್ತದೆ. ಜೂನ್ ಬಂದ ಮೇಲೂ ವಾರಕ್ಕೆರಡು ಸಲ ಅದನ್ನು ಹಾಕಿ ತೋಟದಲ್ಲಿ ನಡೆಯುತ್ತೇನೆ. 6ನೇ ಐರನ್‌ನ ಶಾಫ್ಟ್‌ಗೆ ಹೇಳಿಕಳಿಸಿದ್ದೇನೆ. ಮಳೆ ಹಿಡಿಯುವ ಮುನ್ನ ಅಂಟು ಒಣಗಬೇಕು.