ಸ್ಲೀವ್ ಹರಿದರೆ ಮೊದಲು ಗೇಜ್ ನೋಡಿ

ಪಿಂಚ್ ವಾಲ್ವಿನ ಸ್ಲೀವ್ ಬೇಗ ಹರಿದರೆ ಎಲ್ಲರೂ ಬೈಯುವುದು ರಬ್ಬರನ್ನೇ. ನಾನು ಸಿಮೆಂಟ್, ಫ್ಲೈ ಆಶ್ (ಹಾರುಬೂದಿ) ಸಾಗಿಸುವ ಪೈಪ್ ಲೈನ್‌ಗಳ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಾನು ಕಂಡಂತೆ ತೊಂದರೆ ಹೆಚ್ಚಾಗಿ ಇರುವುದು ಗಾಳಿಯ ಒತ್ತಡ ಹೊಂದಿಸುವ ರೆಗ್ಯುಲೇಟರ್‌ನಲ್ಲಿ.

ಈ ವಾಲ್ವಿನ ಒಳಗೆ ಇರುವುದು ಒಂದು ರಬ್ಬರ್ ಕೊಳವೆ ಅಷ್ಟೇ. ಅದೇ ಸ್ಲೀವ್. ಅದಕ್ಕೂ ಹೊರಗಿನ ಬಾಡಿಗೂ ನಡುವೆ ಗಾಳಿ ತುಂಬಿದರೆ ತುಟಿ ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತದೆ. ಗಾಳಿ ಹೊರಗೆ ಹೋದರೆ ದಾರಿ ಪೂರ್ತಿ ತೆರೆಯುತ್ತದೆ, ನಡುವೆ ಏನೂ ಅಡ್ಡ ಇರುವುದಿಲ್ಲ. ಬಾಲ್ ವಾಲ್ವಿನಲ್ಲಾದರೆ ಚೆಂಡಿನ ಹಿಂದಿನ ಸಂದಿಗೆ ಸಿಮೆಂಟ್ ಸೇರುತ್ತದೆ, ಚೂರು ತೇವ ತಾಗಿದರೂ ಕಲ್ಲಾಗುತ್ತದೆ, ಆಮೇಲೆ ತಿರುಗಿಸಲು ಆಗುವುದೇ ಇಲ್ಲ. ಬಟರ್‌ಫ್ಲೈ ವಾಲ್ವಿನ ತಟ್ಟೆ ಹರಿವಿನ ನಡುವೆಯೇ ನಿಂತು ಸವೆಯುತ್ತದೆ. ಪಿಂಚ್ ವಾಲ್ವಿನಲ್ಲಿ ಒಂದೆರಡು ಹರಳು ಸಿಕ್ಕಿಕೊಂಡರೂ ರಬ್ಬರ್ ಅದರ ಸುತ್ತ ಒತ್ತಿಕೊಂಡು ಮುಚ್ಚುತ್ತದೆ.

ಮುಚ್ಚಲು ಎಷ್ಟು ಗಾಳಿ ಬೇಕು? ಸಾಮಾನ್ಯವಾಗಿ ಲೈನಿನ ಒತ್ತಡಕ್ಕಿಂತ ಸುಮಾರು 2 ಬಾರ್ ಜಾಸ್ತಿ. ನಿಮ್ಮ ವಾಲ್ವಿನ ಸರಿಯಾದ ಅಂಕಿ ಅದರ ಡೇಟಾ ಶೀಟಿನಲ್ಲಿರುತ್ತದೆ. ಬಲ್ಕರ್ (ಸಿಮೆಂಟ್ ಪುಡಿ ತರುವ ಟ್ಯಾಂಕರ್ ಲಾರಿ) ಖಾಲಿ ಮಾಡುವ ಲೈನಿನಲ್ಲಿ 1.5 ಬಾರ್ ಇದ್ದರೆ 3.5 ಬಾರ್ ಸಾಕು. ಆದರೆ ಕಂಪ್ರೆಸರ್‌ನಲ್ಲಿ 6–7 ಬಾರ್ ಇದೆ ಅಂತ ಸುಮ್ನೆ ಅದನ್ನೇ ಕೊಟ್ಟುಬಿಡುತ್ತಾರೆ.

ಒಂದು ಪ್ಲಾಂಟಿನಲ್ಲಿ ಸ್ಲೀವ್ ಮೇಲೆ ಸ್ಲೀವ್ ಬದಲಾಯಿಸುತ್ತಿದ್ದರು. ತೆಗೆದು ಬಿಸಾಕಿದ್ದನ್ನು ಕತ್ತರಿಸಿ ನೋಡಿದೆ. ಒಳಮೈ ಹೆಚ್ಚುಕಡಿಮೆ ಹೊಸದರ ಹಾಗೇ ಇತ್ತು. ಬಿರುಕೆಲ್ಲ ರಬ್ಬರ್ ಮಡಚಿಕೊಳ್ಳುವ ಎರಡು ತುದಿಯಲ್ಲಿ. ಸಿಮೆಂಟ್ ಸವೆಸಿದ್ದರೆ ಒಳಮೈ ತೆಳುವಾಗಿರಬೇಕಿತ್ತು, ಅಲ್ವಾ? ಅತಿಯಾಗಿ ಹಿಂಡಿ ಹಿಂಡಿ ಮಡಚುವ ಜಾಗ ಸೀಳಿತ್ತು. ರೆಗ್ಯುಲೇಟರ್ ಇಳಿಸಿದ ಮೇಲೆ ಅದೇ ಕಂಪನಿಯ ಸ್ಲೀವ್ ಚೆನ್ನಾಗಿ ಬಾಳಿತು.

ಹಾಗಂತ ಗಾಳಿ ತೀರಾ ಕಡಿಮೆಯೂ ಆಗಬಾರದು. ಅರೆಬರೆ ಮುಚ್ಚಿದ ಸಂದಿಯಲ್ಲಿ ಪುಡಿ ಜೋರಾಗಿ ನುಗ್ಗಿ ರಬ್ಬರನ್ನು ಕೊರೆಯುತ್ತದೆ. ಹರಿವು ಕಡಿಮೆ ಮಾಡಲು ಈ ವಾಲ್ವನ್ನು ಅರ್ಧ ಮುಚ್ಚಿ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಬಿಸಿಯನ್ನೂ ನೋಡಿಕೊಳ್ಳಿ. ಸವೆತ ತಡೆಯುವುದರಲ್ಲಿ ನೈಸರ್ಗಿಕ ರಬ್ಬರ್ ಗಟ್ಟಿ. ಆದರೆ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಸೋಲುತ್ತದೆ. ಮಿಲ್ಲಿನಿಂದ ಆಗಷ್ಟೇ ಬಂದ ಸಿಮೆಂಟ್ ಅಷ್ಟು ಬಿಸಿ ಇರಬಹುದು. ಇಪಿಡಿಎಂ ಅನ್ನುವ ಕೃತಕ ರಬ್ಬರ್ ಇನ್ನೂ ಜಾಸ್ತಿ ಬಿಸಿ ತಡೆಯುತ್ತದೆ. ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆ ಇದ್ದರೆ ಮಾತ್ರ ಎರಡೂ ಊದಿಕೊಳ್ಳುತ್ತವೆ.

ಇನ್ನೊಂದು ಮಾತು. ಗಾಳಿ ಕೈಕೊಟ್ಟರೆ ಈ ವಾಲ್ವ್ ತೆರೆದುಕೊಳ್ಳುತ್ತದೆ. ಸೈಲೋ ತುಂಬಿದಾಗ ಲೈನ್ ನಿಲ್ಲಿಸಲು ಇದನ್ನೇ ನಂಬಿದ್ದರೆ, ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವ ಚೆಕ್ ವಾಲ್ವ್ ಜೊತೆ ಒಂದು ಚಿಕ್ಕ ಏರ್ ಟ್ಯಾಂಕ್ ಇಡಲೇಬೇಕು. ಗಾಳಿಯ ಪೈಪಿಗೆ ಪ್ರೆಷರ್ ಸ್ವಿಚ್ಚೂ ಇರಲಿ. ಸ್ಲೀವ್ ತೂತಾದರೆ ಒತ್ತಡ ನಿಲ್ಲುವುದಿಲ್ಲ, ಸ್ವಿಚ್ ತಕ್ಷಣ ತಿಳಿಸುತ್ತದೆ. ಅದಿಲ್ಲದಿದ್ದರೆ ಸಿಮೆಂಟ್ ಆ ಪೈಪಿನಲ್ಲೇ ಹಿಂದಕ್ಕೆ ಬಂದು ಗಾಳಿ ಬಿಡುವ-ತಡೆಯುವ ಸೊಲೆನಾಯ್ಡ್ ವಾಲ್ವಿನ ಒಳಗೆ ಕೂರುತ್ತದೆ, ಆಗ ಸ್ಲೀವ್ ಜೊತೆಗೆ ಅದನ್ನೂ ಬದಲಾಯಿಸಬೇಕಾಗುತ್ತದೆ.