ಪೆದ್ದು ಕೆಲಸ

ಇಂದು ಬೆಳಿಗ್ಗೆ ಬಸವನಗುಡಿಯ ನಮ್ಮ ಬೀದಿಯಲ್ಲಿ, ಕೊನೆಮನೆಯ ಅಜ್ಜಿ ಅಕ್ಕಿ ತೊಳೆದ ನೀರನ್ನು ಹಿತ್ತಾಳೆ ಚೆಂಬಿನಲ್ಲಿ ತಂದು ಫುಟ್‌ಪಾತಿನ ಹೊಂಗೆ ಸಸಿಗೆ ನಿಧಾನವಾಗಿ ಸುರಿಯುತ್ತಿದ್ದರು. ರಸ್ತೆ ಅಗೆಯುವವರು ಆ ಜಾಗಕ್ಕೆ ಆಗಲೇ ಸುಣ್ಣದ ಗೆರೆ ಎಳೆದು ಹೋಗಿದ್ದಾರೆ.

ದಾರಿಹೋಕರೊಬ್ಬರು ನಿಂತು, "ಇದೆಂಥ ಪೆದ್ದು ಕೆಲಸ ಅಜ್ಜಿ, ನಾಳೆ ಕೀಳೋ ಗಿಡಕ್ಕೆ ನೀರು ಹಾಕ್ತೀರಲ್ಲ" ಎಂದರು. ಅಜ್ಜಿ, "ಬಾಯಾರಿರೋದು ಇವತ್ತಲ್ವೇನಪ್ಪ" ಎಂದು, ಚೆಂಬಿನ ತಳಕ್ಕೆ ಅಂಟಿದ್ದ ನಾಲ್ಕು ಅಕ್ಕಿಕಾಳುಗಳನ್ನೂ ಬೆರಳಿನಿಂದ ಬಳಿದು ಬುಡಕ್ಕೆ ಹಾಕಿದರು.

‘ನಿನಗೇನು ಸಿಕ್ಕಿತು’ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕೆಲಸವನ್ನೆಲ್ಲ ನಾವು ಪೆದ್ದುತನವೆಂದು ಕರೆದುಬಿಡುತ್ತೇವೆ. ನಾನೂ ಎಷ್ಟೋ ಸಲ ಹಾಗೆ ಕರೆದಿದ್ದೇನೆ, ಅದು ಈಗ ನೋಯಿಸುತ್ತದೆ. ಸಂಸ್ಕೃತದ ‘ಮುಹ್’ ಎಂಬ ಒಂದೇ ಧಾತುವಿನಿಂದ ‘ಮೂಢ’ವೂ ಹುಟ್ಟಿದೆ, ‘ಮುಗ್ಧ’ವೂ ಹುಟ್ಟಿದೆ, ಇಂದಿನ ನಮ್ಮ ಮಾತಿನಲ್ಲಿ ಮೊದಲನೆಯದು ಬೈಗುಳ, ಎರಡನೆಯದನ್ನು ಮಕ್ಕಳ ನಗುವಿಗೆ ಮೀಸಲಿಟ್ಟಿದ್ದೇವೆ. ಎಪ್ಪತ್ತು ದಾಟಿದವರ ಕೈಯಲ್ಲಿ ಅದೇ ಮುಗ್ಧತೆ ಕಂಡರೆ ನಮಗೇಕೋ ಗುರುತೇ ಸಿಗುವುದಿಲ್ಲ.

ಸಂಜೆ ಹಿಂದಿರುಗುವಾಗ ಆ ಮಣ್ಣು ಇನ್ನೂ ತೇವವಾಗಿತ್ತು, ಅಕ್ಕಿಕಾಳೊಂದನ್ನು ಇರುವೆಗಳು ಎಳೆದೊಯ್ಯುತ್ತಿದ್ದವು.